ಗಾಯದ ಮೇಲ್ಗಡೆ ಕಟ್ಟು

ನಮ್ಮ ಮನೆಗೂ ಡಿಸ್ಪೆನ್ಸರಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಆ ಗೋಡೆಗೊಂದು ಬಾಗಿಲು. ಬಾಗಿಲಿಗೆ ಚಿಲಕವಿರಲಿಲ್ಲ. ಹಾಗಾಗಿ ಟಿಂಚರಿನ ವಾಸನೆ ಸಾರಿನ ಪಾತ್ರೆಯವರೆಗೂ ಬರುತ್ತಿತ್ತು, ಅವ್ವ ಹಾಕಿದ ಒಗ್ಗರಣೆಯ ಘಾಟಿಗೆ ಆಚೆ ಗಾಯ ತೊಳೆಸಿಕೊಳ್ಳುತ್ತಿದ್ದವರು ಸೀನುತ್ತಿದ್ದರು. ಪಾಲಿಬೆಟ್ಟದ ಕಡೆಯ ಒಂದು ದೊಡ್ಡ ಕಾಫಿ ಎಸ್ಟೇಟಿನಲ್ಲಿ ಅಪ್ಪ ಗಾಯ ತೊಳೆದು ಕಟ್ಟುವ ಡ್ರೆಸ್ಸರ್ ಆಗಿದ್ದರು. ಡಾಕ್ಟರು ವಾರಕ್ಕೊಮ್ಮೆ ಜೀಪಿನಲ್ಲಿ ಬಂದು, ಒಂದು ಗಂಟೆ ಕೂತು, ಕಾಫಿ ಕುಡಿದು ಹೋಗುವವರು. ಉಳಿದ ಆರು ದಿನ ಕೂಲಿಗಳ ಸಾಲುಮನೆಗಳಾದ ಲೈನುಗಳಲ್ಲಿದ್ದ ಅಷ್ಟೂ ಜನಕ್ಕೆ ಅಪ್ಪನೇ ಡಾಕ್ಟರು. ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ಪುಟ್ಟ ರಾಜ್ಯವಾಗಿತ್ತು, ಮಡಿಕೇರಿಯೇ ಅದರ ರಾಜಧಾನಿ. ನಮಗೆ ಮಾತ್ರ ಮಡಿಕೇರಿಯೂ ಒಂದೇ, ಲಂಡನ್ನೂ ಒಂದೇ. ಕೊಡ್ಲಿಪೇಟೆಯಿಂದ ಹೊರಟು ಇಲ್ಲಿ ಬಂದು ಬಿದ್ದಿದ್ದ ನಮ್ಮದು ನಾಲ್ಕು ಜನರ ಸಂಸಾರ: ಅಪ್ಪ, ಅವ್ವ, ಅಪ್ಪನ ತಾಯಿ ಅಜ್ಜಿ, ಮತ್ತೆ ನಾನು. ಅವ್ವನಿಗೆ ಐದು ಹೆರಿಗೆಯಾಗಿ ಉಳಿದವಳು ನಾನೊಬ್ಬಳೇ.

ಡಿಸ್ಪೆನ್ಸರಿಯ ಗೋಡೆಯ ಮೇಲೆ ಚರ್ಮವಿಲ್ಲದ ಒಬ್ಬ ಮನುಷ್ಯನ ಚಿತ್ರ ನೇತಾಡುತ್ತಿತ್ತು. ಯಾವ ಕಾಲದ್ದೋ, ಎಸ್ಟೇಟಿನ ಯಾವ ಬಿಳಿ ದೊರೆ ತರಿಸಿದ್ದೋ ಗೊತ್ತಿಲ್ಲ. ಅವನ ಮೈತುಂಬ ಕೆಂಪು ಗೆರೆ, ನೀಲಿ ಗೆರೆ. ಲೈನಿನ ಮಕ್ಕಳು ಅವನನ್ನು ನೋಡಿ ಅಳುತ್ತಿದ್ದವು. ಅಜ್ಜಿ ಅವನ ಮುಂದೆ ಹಾಯಬೇಕಾದಾಗ ಪರಪುರುಷನೆದುರು ಹೋಗುವವಳ ಹಾಗೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ನನಗೆ ಅಕ್ಷರ ಕಲಿಯುವ ಮುಂಚೆಯೇ ಆ ಗೆರೆಗಳು ಗೊತ್ತಿದ್ದವು. ಕೆಂಪು ಶುದ್ಧರಕ್ತದ್ದು, ಹೃದಯದಿಂದ ಹೊರಡುವುದು, ಗೋಡೆ ದಪ್ಪ. ನೀಲಿ ಮಲಿನರಕ್ತದ್ದು, ಹೃದಯಕ್ಕೆ ವಾಪಸು ಬರುವುದು, ಗೋಡೆ ತೆಳು. ಇವೆರಡನ್ನೂ ಸೇರಿಸುವ ಕೂದಲಿಗಿಂತ ಸಣ್ಣ ನಾಳಗಳು ಚಿತ್ರದಲ್ಲಿರಲಿಲ್ಲ. ಅವನ್ನು ತೋರಿಸಲು ಅಪ್ಪ ನನ್ನ ಹೆಬ್ಬೆರಳಿನ ಉಗುರು ಒತ್ತಿ ಬಿಡುತ್ತಿದ್ದರು. ಉಗುರು ಬೆಳ್ಳಗಾಗಿ ಮತ್ತೆ ಕೆಂಪಾಗುತ್ತಿತ್ತು. "ಅಗೋ, ಬಂದ್ವು ನೋಡು" ಎನ್ನುತ್ತಿದ್ದರು, ಯಾರೋ ನೆಂಟರು ಬಂದವರ ಹಾಗೆ.

ಇನ್ನೊಂದು ಆಟವಿತ್ತು. ಅಪ್ಪ ಮುಂಗೈಯನ್ನು ಬಿಗಿ ಹಿಡಿದು ಉಬ್ಬಿದ ನೀಲಿ ನಾಳವೊಂದರ ಮೇಲೆ ಬೆರಳಿಟ್ಟು ಒತ್ತುವರು. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಳಕೈ ಕಡೆಗೆ ರಕ್ತವನ್ನು ಸವರಿ ತಳ್ಳುವರು. ನಾಳ ಚಪ್ಪಟೆಯಾಗುತ್ತಿತ್ತು, ಹಾಗೇ ಉಳಿಯುತ್ತಿತ್ತು.

"ಮೇಲಿಂದ ಯಾಕೆ ವಾಪಸು ಬರಲ್ಲ ಹೇಳು?"

"ಬಾಗ್ಲು ಹಾಕ್ಕಂಡದೆ."

"ಎಷ್ಟು ಬಾಗ್ಲು?"

"ಗೇಣಿಗೊಂದು!"

ಲೆಕ್ಕ ನನ್ನದೇ ಸ್ವಂತದ್ದು. ಅಪ್ಪ ತಿದ್ದುತ್ತಿರಲಿಲ್ಲ, ನಗುತ್ತಿದ್ದರು. ನೀಲಿ ನಾಳಗಳ ಒಳಗೆ ಒಂದೇ ಕಡೆಗೆ ತೆರೆಯುವ ಪುಟ್ಟ ಪುಟ್ಟ ಕದಗಳಿವೆ, ಕಾಲಿನ ರಕ್ತ ಅಷ್ಟು ಎತ್ತರಕ್ಕೆ ಹತ್ತಿ ಬರುವುದು ಆ ಕದಗಳ ದೆಸೆಯಿಂದಲೇ ಎಂದು ನನಗೆ ಏಳನೇ ವಯಸ್ಸಿಗೇ ಗೊತ್ತಿತ್ತು.

ಅವ್ವನ ಕಾಲಿನಲ್ಲಿ ಆ ಕದಗಳು ಕೆಟ್ಟುಹೋಗಿದ್ದವು. ಮೊಣಕಾಲಿನ ಕೆಳಗೆ ಎರಡೂ ಕಡೆ ನಾಳಗಳು ಗಂಟುಗಂಟಾಗಿ ಉಬ್ಬಿ, ಕಣಕಾಲಿನ ಒಳಬದಿಯ ಚರ್ಮ ಕಪ್ಪಾಗಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಹೆರಿಗೆಗಳಿಂದ ಬಂದದ್ದು ಸ್ವಲ್ಪ, ನಿಂತು ನಿಂತು ಬಂದದ್ದು ಉಳಿದದ್ದು. ಡಿಸ್ಪೆನ್ಸರಿಯ ಬ್ಯಾಂಡೇಜುಗಳನ್ನೆಲ್ಲ ಹಂಡೆಯಲ್ಲಿ ಕುದಿಸಿ, ಕಲ್ಲಿನ ಮೇಲೆ ಕುಕ್ಕಿ, ಒಣಗಿಸಿ, ಸುರುಳಿ ಸುತ್ತುವವಳು ಅವಳೇ. ಎಸ್ಟೇಟಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಡ್ರೆಸ್ಸರನ ಹೆಂಡತಿ ಬಟ್ಟೆ ಒಗೆಯುತ್ತಾಳೆ, ಅದರಲ್ಲೇನು ವಿಶೇಷ ಎಂದೇ ಎಲ್ಲರೂ ತಿಳಿದಿದ್ದರು, ಅಪ್ಪನೂ ಸೇರಿ. ಇದನ್ನು ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಅಪ್ಪನಿಗೆ ಗೊತ್ತಿದ್ದ ಔಷಧಿ ಒಂದೇ: ಮಧ್ಯಾಹ್ನ ಅರ್ಧ ಗಂಟೆ ಅಂಗಾತ ಮಲಗಿ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡುವುದು. ನಮ್ಮ ಮನೆಯಲ್ಲಿ ಅದು ಸುಲಭದ ಮಾತಾಗಿರಲಿಲ್ಲ. ಇದ್ದದ್ದು ಅಡುಗೆಮನೆ ಬಿಟ್ಟರೆ ಒಂದೇ ಕೋಣೆ. ಪಡುವಣಕ್ಕೆ ಬಾಗಿಲು, ತೆಂಕಲ ಗೋಡೆಗೆ ಅಕ್ಕಿ ಮೂಟೆ, ಟ್ರಂಕು. ಬಡಗಣಕ್ಕೆ ತಲೆಯಿಟ್ಟು ಮಲಗಿದರೆ ಆಯುಸ್ಸಿಗೆ ಕೇಡು ಎಂದು ಅಜ್ಜಿ ಬಿಡುತ್ತಿರಲಿಲ್ಲ. ಉಳಿದದ್ದು ಮೂಡಣ ಗೋಡೆ, ಅಲ್ಲಿ ದೇವರ ಹಲಗೆ. ಕಾಲೆತ್ತಿದರೆ ಪಾದ ಸೀದಾ ದೇವರ ಮುಖಕ್ಕೆ.

"ಮನೆ ಸೊಸೆ ದೇವ್ರಿಗೆ ಕಾಲು ತೋರುಸ್ಕಂಡು ಮಲಗ್ತಾಳೆ ಅಂದ್ರೆ ಈ ಮನೆ ಉದ್ಧಾರ ಆದಂಗೇ ಬಿಡು" ಎಂದಳು ಅಜ್ಜಿ.

"ಅವ್ವಾ, ಅದು ಔಷ್ದಿ ಕಣವ್ವ. ರಕ್ತ ಇಳೀಬೇಕಲ್ಲ" ಎಂದರು ಅಪ್ಪ ತಮ್ಮ ತಾಯಿಗೆ.

"ನಾನು ಎಂಟು ಹೆತ್ತೆ. ನನ್ನ ಕಾಲೇನು ಬಿದ್ದೋಗಿಲ್ಲ."

ಅವ್ವ ಎರಡು ದಿನ ಮಲಗಿದಳು, ಮೂರನೆಯ ದಿನ ದಿಂಬು ಒಳಗಿಟ್ಟಳು. ಅಪ್ಪ ಇನ್ನೊಮ್ಮೆ ಹೇಳಿದಾಗ ಚಿತ್ರದ ಮನುಷ್ಯನ ಕಡೆ ಕೈ ತೋರಿಸಿ,

"ಅವನಿಗಾದ್ರೂ ಕೆಂಪು ನೀಲಿ ಎರಡೂ ಅವೆ. ನನಗೆ ಬರೀ ನೀಲಿನೇ ಕೊಟ್ಟವ್ನೆ ಭಗವಂತ, ಏನ್ ಮಾಡಾನ ಹೇಳಿ" ಎಂದು ನಕ್ಕಳು. ಸೀರೆಯನ್ನು ಕಣಕಾಲು ಮುಚ್ಚುವ ಹಾಗೆ ಇನ್ನಷ್ಟು ಇಳಿಬಿಟ್ಟಳು. ಊರಿನವರ ಗಾಯವನ್ನೆಲ್ಲ ನೋಡುವ ಅಪ್ಪ ಆ ಮೇಲೆ ಅವಳ ಕಾಲು ನೋಡಲಿಲ್ಲ.

ವರ್ಷಕ್ಕೊಮ್ಮೆ, ಮರಗಸಿ ಶುರುವಾಗುವ ಹಿಂದಿನ ಭಾನುವಾರ, ಅಪ್ಪ ಡಿಸ್ಪೆನ್ಸರಿಯ ಜಗಲಿಯಲ್ಲಿ ಪಾಠ ಮಾಡುತ್ತಿದ್ದರು. ಮರಗಸಿ ಎಂದರೆ ಕಾಫಿಗೆ ನೆರಳು ಕೊಡುವ ದೊಡ್ಡ ಮರಗಳನ್ನು ಹತ್ತಿ ಕೊಂಬೆ ಕಡಿಯುವ ಕೆಲಸ. ಒಂದು ಕೈ ಮರಕ್ಕೆ, ಒಂದು ಕೈ ಕತ್ತಿಗೆ. ಕತ್ತಿ ಜಾರಿದರೆ ಕೆಳಗಿರುವುದು ಸ್ವಂತ ಮೈಯೇ. ಪ್ರತಿ ವರ್ಷ ಒಬ್ಬಿಬ್ಬರು ರಕ್ತ ಹೋಗಿಯೇ ಸಾಯುತ್ತಿದ್ದರು. ಗಾಯಕ್ಕೆ ಹಿಡಿಗಟ್ಟಲೆ ಕಾಫಿಪುಡಿ ಮೆತ್ತಿ, ಮಂಕರಿಯಲ್ಲಿ ಕೂರಿಸಿ ಹೊತ್ತು ತರುವಷ್ಟರಲ್ಲಿ ಮುಗಿದಿರುತ್ತಿತ್ತು. ಅದಕ್ಕೇ ಅಪ್ಪ ಒಂದು ಸೂತ್ರ ಮಾಡಿಕೊಂಡಿದ್ದರು. ಮಲಯಾಳಿಗಳು, ತಮಿಳರು, ಎರವರು, ನಮ್ಮ ಕಡೆಯವರು ಎಲ್ಲ ಕೂತಿರುವ ಜಗಲಿಯಲ್ಲಿ ಬಣ್ಣ ನೋಡು, ಚಿಮ್ಮುತ್ತದೋ ಹರಿಯುತ್ತದೋ ನೋಡು ಎಂದೆಲ್ಲ ಹೇಳಿದರೆ ನಿಲ್ಲುವುದಿಲ್ಲ, ಒಂದೇ ಮಾತು ಹೇಳಬೇಕು ಎಂಬುದು ಅವರ ನಂಬಿಕೆ. ಆ ಒಂದು ಮಾತು: ಗಾಯದ ಮೇಲ್ಗಡೆ ಕಟ್ಟು. ಗಾಯಕ್ಕೂ ಎದೆಗೂ ನಡುವೆ ಬಟ್ಟೆ ಸುತ್ತು, ಗಂಟು ಹಾಕು, ಗಂಟಿನಲ್ಲಿ ಕೋಲು ತೂರಿಸಿ ರಕ್ತ ನಿಲ್ಲುವವರೆಗೂ ತಿರುಪು.

ಪಾಠಕ್ಕೆ ಬೊಂಬೆ ನಾನೇ. ಸ್ಟೂಲಿನ ಮೇಲೆ ನಿಲ್ಲಿಸಿ, ಮುಂಗೈ ಮೇಲೆ ಕೆಂಪು ಔಷಧಿಯಲ್ಲಿ ಗಾಯ ಬರೆದು, ಬ್ಯಾಂಡೇಜು ಕಟ್ಟಿ ತೋರಿಸುತ್ತಿದ್ದರು. ಆಮೇಲೆ ನಾನು ಒಬ್ಬೊಬ್ಬರ ಕೈಗೂ ಕಟ್ಟಿ ತೋರಿಸಬೇಕು. ನೂರು ಜನರ ಎದುರು "ಮೇಲ್ಗಡೆ ಕಟ್ಟು" ಎಂದು ಕೂಗಿ ಹೇಳುವಾಗ ನನಗೆ ಎಷ್ಟು ಜಂಬವೆಂದರೆ, ಅವ್ವ ಒಳಗಿನಿಂದ ಇಣುಕಿ "ಏ, ಡಾಕ್ಟ್ರಮ್ಮ, ನಿನ್ನ ಲಂಗದ ಲಾಡಿ ಮೊದ್ಲು ಕಟ್ಕ" ಎಂದು ಎಲ್ಲರ ಮುಂದೆ ಮಾನ ಕಳೆಯುತ್ತಿದ್ದಳು.

ಸೂತ್ರ ಫಲಿಸಿತು. ನನಗೆ ಒಂಬತ್ತು ತುಂಬಿದ ವರ್ಷ ಚಾತು ಎಂಬ ಮಲಯಾಳಿ ಮರಗಸಿಯವನ ಎಡಗೈ ಮಣಿಕಟ್ಟಿನ ಹತ್ತಿರ ಅರ್ಧ ಸೀಳಿಹೋಯಿತು. ಜೊತೆಯವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮೊಳಕೈ ಮೇಲೆ ಕಟ್ಟಿ, ಕಾಫಿ ಕೋಲು ತೂರಿಸಿ ತಿರುಪಿದ್ದ. ಡಿಸ್ಪೆನ್ಸರಿಯಲ್ಲಿ ಅಪ್ಪ ಕಟ್ಟನ್ನು ಒಂದಿಷ್ಟು ಸಡಿಲಿಸಿದಾಗ ನಾನು ಮೊದಲ ಸಲ ಕೆಂಪು ಗೆರೆಯ ರಕ್ತ ಕಂಡೆ. ಹರಿಯಲಿಲ್ಲ ಅದು, ನಾಡಿಯ ಬಡಿತಕ್ಕೊಂದು ಸಲ ಎಗರಿ ಬಂದು ಚಿತ್ರದ ಮನುಷ್ಯನ ಪಾದಕ್ಕೆ ಬಿತ್ತು. ಚಾತು ಉಳಿದ. ಎರಡು ಬೆರಳು ಮಡಚಲು ಬರುತ್ತಿರಲಿಲ್ಲ, ಅಷ್ಟೇ. ಆ ವಾರ ಬಂದ ಡಾಕ್ಟರು ಅಪ್ಪನ ಬೆನ್ನು ತಟ್ಟಿದರು. ಅಪ್ಪ ನನ್ನ ಬೆನ್ನು ತಟ್ಟಿದರು. ಅವ್ವ ಪಾಯಸ ಮಾಡಿದಳು.

ಅದೇ ವರ್ಷದ ಮಳೆಗಾಲ. ದೀಪ ಹಚ್ಚುವ ಹೊತ್ತು. ಅಪ್ಪ ಕೆಳಗಿನ ಲೈನಿನಲ್ಲಿ ಜ್ವರದವರನ್ನು ನೋಡಲು ಹೋಗಿದ್ದರು. ಅವ್ವ ಒಗೆಯುವ ಕಲ್ಲಿನಿಂದ ಒಳಗೆ ಬಂದು ಹೊಸ್ತಿಲ ಮೇಲೆ ಕೂತು ಸೀರೆ ಎತ್ತಿ ನೋಡಿಕೊಂಡಳು. ಕಣಕಾಲಿನ ಒಳಬದಿಗೆ ಇಂಬಳ, ಮಳೆಗಾಲದ ಜಿಗಣೆ, ಕಚ್ಚಿತ್ತು. ಇಂಬಳ ಕಚ್ಚುವುದು ನಮಗೆ ನೆಗಡಿಯಷ್ಟೇ ಮಾಮೂಲು. ಅವ್ವ ಉಪ್ಪು ತರಲು ಕೂಡ ಹೇಳಲಿಲ್ಲ, ಎರಡು ಬೆರಳಿನಲ್ಲಿ ಕಿತ್ತು ಅಂಗಳಕ್ಕೆ ಎಸೆದಳು. ಅದರ ಜೊತೆಗೆ ಆ ತೆಳ್ಳನೆಯ ಚರ್ಮವೂ ಕಿತ್ತುಬಂತು. ಅಕ್ಕಿ ಕಾಳಿನಷ್ಟು ತೂತು. ಅದರಿಂದ ಕಪ್ಪುಗೆಂಪು ರಕ್ತ, ಹೂಜಿಯಿಂದ ಬಗ್ಗಿಸಿದ ಹಾಗೆ, ಸದ್ದಿಲ್ಲದೆ ಬಂತು.

"ಥೂ, ಹಾಳಾದ್ದು. ಒಂಚೂರು ಕಾಫಿಪುಡಿ ತಕಂಬಾ ಮಗ."

ತಂದುಕೊಟ್ಟೆ. ಹಾಕಿದಳು. ಪುಡಿ ಕೊಚ್ಚಿಕೊಂಡು ಹೋಯಿತು. ಇನ್ನೊಂದು ಹಿಡಿ ಹಾಕಿದಳು. ಅದೂ ಹೋಯಿತು. ಅವ್ವ ಗೋಡೆಗೆ ಒರಗಿದಳು.

"ಅತ್ತೆ, ಯಾಕೋ ತಲೆ ಸುತ್ತುತದೆ. ವಸಿ ಮಲಗ್ತೀನಿ."

ಅಜ್ಜಿ ದೇವರ ಹಲಗೆಯ ಮುಂದೆ ಬತ್ತಿ ಹೊಸೆಯುತ್ತಿದ್ದಳು. ಕೆಟ್ಟವಳಲ್ಲ ಅಜ್ಜಿ. ಇಂಬಳ ಕಚ್ಚಿ ಯಾರೂ ಸತ್ತದ್ದನ್ನು ಅವಳು ಕಂಡಿರಲಿಲ್ಲ.

"ದೀಪ ಹಚ್ಚೋ ಹೊತ್ನಲ್ಲಿ ಯಾರಾದ್ರೂ ಮಲಗ್ತಾರೇನವ್ವ? ಲಕ್ಷ್ಮಿ ಬರೋ ಹೊತ್ತು. ವಸಿ ಕೂತ್ಕ, ದೀಪ ಹಚ್ಚಿಬಿಡ್ತೀನಿ."

ಅವ್ವ ಕೂತೇ ಇದ್ದಳು, ಕಾಲು ಮೆಟ್ಟಿಲ ಮೇಲೆ ಇಳಿಬಿಟ್ಟು. ನಾನು ಡಿಸ್ಪೆನ್ಸರಿಗೆ ಓಡಿದೆ. ನನಗೆ ಭಯವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು, ಗೊತ್ತಿದ್ದ ಪಾಠದ ಪ್ರಶ್ನೆಯೇ ಪರೀಕ್ಷೆಗೆ ಬಂದ ಹಾಗೆ. ಅವ್ವನೇ ಒಗೆದು ಸುತ್ತಿಟ್ಟಿದ್ದ ಬ್ಯಾಂಡೇಜು ತಂದು ಮೊಣಕಾಲಿನ ಕೆಳಗೆ, ಗಾಯದ ಮೇಲ್ಗಡೆ, ಕಟ್ಟಿದೆ. ಸೌದೆ ಚಕ್ಕೆ ತೂರಿಸಿ ತಿರುಪಿದೆ. ರಕ್ತ ನಿಲ್ಲಲಿಲ್ಲ, ಜಾಸ್ತಿಯಾಯಿತು. ಬಿಗಿ ಸಾಲದು ಎಂದುಕೊಂಡು ಇನ್ನೊಂದು ಸುತ್ತು ತಿರುಪಿದೆ. ಇನ್ನೂ ಜಾಸ್ತಿಯಾಯಿತು. ಎರಡೂ ಕೈಯಲ್ಲಿ ಚಕ್ಕೆ ಹಿಡಿದು, ಹಲ್ಲು ಕಚ್ಚಿ ತಿರುಪಿದೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ರಕ್ತ ಅಂಗಳದ ನೀರಿಗೆ ಸೇರುತ್ತಿತ್ತು.

"ನೋಯ್ತದೆ ಕಣೆ" ಎಂದಳು ಅವ್ವ.

"ತಡ್ಕ ಅವ್ವ, ಇನ್ನೊಂಚೂರು. ನಿಂತೋಯ್ತದೆ."

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಕೈ ತಣ್ಣಗಿತ್ತು. "ಡಾಕ್ಟ್ರಮ್ಮ" ಎಂದಳು. ಆಮೇಲೆ ಮಾತಾಡಲಿಲ್ಲ. ಅಜ್ಜಿ ದೀಪ ಹಚ್ಚಿ ಬಂದು ಮೆಟ್ಟಿಲು ನೋಡಿ ಕೂಗಿಕೊಂಡ ಮೇಲೆ ಲೈನಿನವರು ಓಡಿ ಬಂದರು, ಚಾತು ಅಪ್ಪನನ್ನು ಕರೆಯಲು ಓಡಿದ.

ಅಪ್ಪ ಬಂದವರೇ ಚೀಲದಿಂದ ಕತ್ತರಿ ತೆಗೆದು ಮೊದಲು ನನ್ನ ಕಟ್ಟನ್ನು ಕತ್ತರಿಸಿದರು. ಅವ್ವನನ್ನು ಅಲ್ಲೇ ಹೊಸ್ತಿಲ ಒಳಗೆ ಅಂಗಾತ ಮಲಗಿಸಿ, ಕಾಲನ್ನು ತಮ್ಮ ಹೆಗಲ ಮೇಲೆ ಎತ್ತಿಕೊಂಡು, ಆ ತೂತಿನ ಮೇಲೆ ಹೆಬ್ಬೆರಳು ಒತ್ತಿದರು. ರಕ್ತ ನಿಂತಿತು. ಕೂಡಲೇ, ಕೊಳಾಯಿ ತಿರುಗಿಸಿದ ಹಾಗೆ ನಿಂತಿತು. ಅವ್ವನ ಪಾದ ದೇವರ ಹಲಗೆಯ ಕಡೆಗೇ ಇತ್ತು, ಈಗ ಯಾರೂ ಏನೂ ಅನ್ನಲಿಲ್ಲ. ಎಸ್ಟೇಟಿನ ಲಾರಿ ಬರುವಷ್ಟರಲ್ಲಿ ಅವ್ವ ಹೋಗಿಬಿಟ್ಟಿದ್ದಳು. ಅಪ್ಪ ಹೆಬ್ಬೆರಳು ತೆಗೆಯಲಿಲ್ಲ. ಚಾತು ಅವರ ಕೈ ಬಿಡಿಸಬೇಕಾಯಿತು.

ಮಣ್ಣು ಮಾಡಿ ಬಂದ ಮೇಲೆ ಜನ ಕೂತು ಮಾತಾಡುವಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೇಳಿದರು, ಮನೆಯಲ್ಲೇ ಬ್ಯಾಂಡೇಜು ಇತ್ತಲ್ಲ, ಯಾರೂ ಕಟ್ಟಲಿಲ್ಲವೇ ಎಂದು.

"ಪಾಪ, ಈ ಮಗ ಕಟ್..." ಎಂದು ಅಜ್ಜಿ ಬಾಯಿ ತೆರೆದಳು.

"ಯಾರೂ ಕಟ್ಟಿರಲಿಲ್ಲ" ಎಂದರು ಅಪ್ಪ. "ಕಟ್ಟೋರು ಯಾರೂ ಇರಲಿಲ್ಲ."

ನಾನು ಅಪ್ಪನನ್ನು ದಿಟ್ಟಿಸಿ ನೋಡಿದೆ. ನಾನು ಕಟ್ಟಿದ್ದೆ. ಅವರು ಹೇಳಿಕೊಟ್ಟ ಹಾಗೆಯೇ, ಒಂದು ಬೆರಳೂ ತಪ್ಪದ ಹಾಗೆ ಕಟ್ಟಿದ್ದೆ. ಮನೆಯಲ್ಲಿ ಇಲ್ಲದಿದ್ದವರು ಅವರು, ತಡವಾಗಿ ಬಂದವರು ಅವರು. ತಮ್ಮ ತಪ್ಪು ಮುಚ್ಚಿಕೊಳ್ಳಲು ನನ್ನನ್ನು ಲೆಕ್ಕಕ್ಕೇ ಇಲ್ಲದವಳನ್ನಾಗಿ ಮಾಡಿದರು ಎಂದುಕೊಂಡೆ. ಆ ಸಿಟ್ಟು ವರ್ಷಗಟ್ಟಲೆ ಇತ್ತು. ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಅಪ್ಪನೊಂದಿಗೆ ಮಾತಿಲ್ಲ. ಬ್ಯಾಂಡೇಜು ಒಗೆಯುವ ಕೆಲಸ ನನಗೆ ಬಂತು. ಅಪ್ಪ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆಳಗಿನ ಜಾವ ತಾವೇ ಒಗೆಯತೊಡಗಿದರು, ಅದಕ್ಕೂ ನನಗೆ ಸಿಟ್ಟೇ ಬಂತು.

ಭಾನುವಾರದ ಪಾಠ ನಿಲ್ಲಲಿಲ್ಲ. ಬೊಂಬೆಯಾಗಿ ನಾನು ಸ್ಟೂಲಿನ ಮೇಲೆ ನಿಲ್ಲಲೇಬೇಕಾಗಿತ್ತು. ಕಟ್ಟಿ ತೋರಿಸಿ ಮುಗಿದ ಕೂಡಲೇ ಅಪ್ಪ, "ಸಾವಿತ್ರಿ, ಬಾವಿಯಿಂದ ಒಂದು ಚೊಂಬು ತಣ್ಣೀರು ತಕಂಬಾ ಮಗ" ಎನ್ನುತ್ತಿದ್ದರು. ಒಳಗೆ ಕೊಡಪಾನದ ತುಂಬ ನೀರಿದ್ದರೂ ಬಾವಿಯದೇ ಬೇಕು. ಬಾವಿ ಇಳಿಜಾರಿನ ಕೆಳಗೆ. ನಾನು ಹೋಗಿ ಬರುವಷ್ಟರಲ್ಲಿ ಜನ ಎದ್ದು ಪಂಚೆ ಕೊಡವುತ್ತಿದ್ದರು, ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಅಪ್ಪ ಚೊಂಬು ತೆಗೆದುಕೊಂಡು ಒಂದು ಗುಟುಕು ಕುಡಿದು ಉಳಿದದ್ದನ್ನು ಗಿಡಕ್ಕೆ ಚೆಲ್ಲುತ್ತಿದ್ದರು. ಎಂಟು ವರ್ಷ ಎಂಟು ಚೊಂಬು ನೀರು ತಂದೆ.

ನರ್ಸಿಂಗ್ ಓದಲು ಸೇರಿದ ಮೊದಲ ವರ್ಷ ರಕ್ತನಾಳಗಳ ಪಾಠ ಬಂದಾಗ ನಾನು ತರಗತಿಗೇ ಮೊದಲಿಗಳು. ಮೂರು ಪದರದ ಗೋಡೆ, ದಪ್ಪ, ತೆಳು, ಕದ, ಕೇಳುವ ಮುಂಚೆ ಹೇಳುತ್ತಿದ್ದೆ. ನಮ್ಮ ಟೀಚರಮ್ಮ ಕಾಲಿನ ಉಬ್ಬಿದ ನಾಳಗಳ ವಿಷಯಕ್ಕೆ ಬಂದರು. ಅದು ಒಡೆದರೆ ಮಲಗಿಸಬೇಕು, ಕಾಲೆತ್ತಬೇಕು, ಬೆರಳಲ್ಲಿ ಒತ್ತಬೇಕು, ಅಷ್ಟೇ ಸಾಕು ಎಂದರು. ಮೇಲ್ಗಡೆ ಮಾತ್ರ ಎಂದೂ ಕಟ್ಟಬಾರದು. ಆಳದಲ್ಲಿರುವ ದಪ್ಪ ಗೋಡೆಯ ನಾಳ ಆ ಕಟ್ಟಿಗೆ ಬಗ್ಗುವುದಿಲ್ಲ, ರಕ್ತ ಕಾಲಿಗೆ ಇಳಿಯುತ್ತಲೇ ಇರುತ್ತದೆ. ತೆಳು ಗೋಡೆಯದು ಮುಚ್ಚಿಹೋಗುತ್ತದೆ, ಹತ್ತಿ ಬರಲು ದಾರಿಯಿಲ್ಲ. ಆಗ ರಕ್ತಕ್ಕೆ ಉಳಿಯುವ ದಾರಿ ಆ ತೂತೊಂದೇ. ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡೆ, ಅಕ್ಷರ ದುಂಡಾಗಿಯೇ ಇತ್ತು. ಪೂರ್ಣವಿರಾಮ ಇಟ್ಟ ಮೇಲೆ ಓದಿದೆ. ಒಂಬತ್ತು ವರ್ಷದ ಹುಡುಗಿಯ ಕೈಬಲ ಯಾವ ನಾಳ ಮುಚ್ಚಲು ಸಾಕು, ಯಾವುದಕ್ಕೆ ಸಾಲದು ಎಂಬ ಲೆಕ್ಕ ಯಾರೂ ಹೇಳಿಕೊಡದೆ ತಾನಾಗಿ ಬಂತು. ಅವ್ವನನ್ನು ಕೊಂದದ್ದು ಇಂಬಳವಲ್ಲ.

ಮರಗಸಿಯ ಪಾಠದ ಭಾನುವಾರಕ್ಕೆ ರಜೆ ಹಾಕಿ ಊರಿಗೆ ಹೋದೆ. ಅಪ್ಪನನ್ನು ಏನು ಕೇಳಬೇಕೆಂದು ಗೊತ್ತಿರಲಿಲ್ಲ. ಬೈಯಬೇಕೆಂದೂ ಇತ್ತು, ಕಾಲಿಗೆ ಬೀಳಬೇಕೆಂದೂ ಇತ್ತು. ಜಗಲಿ ತುಂಬಿತ್ತು. ಚಾತು ಮುಂದಿನ ಸಾಲಿನಲ್ಲಿ, ಮಡಚಲಾಗದ ಎರಡು ಬೆರಳು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಅಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಎಂದಿನಂತೆ ಸ್ಟೂಲಿನ ಮೇಲೆ ನಿಂತ ನನ್ನ ಕೈಗೆ ಕಟ್ಟಿ ತೋರಿಸಿ, ಬಿಚ್ಚಿ, ನನ್ನ ಕಡೆ ತಿರುಗಿದರು.

"ಸಾವಿತ್ರಿ, ಬಾವಿಯಿಂದ ಒಂದು ಚೊಂಬು..."

"ತಂದಿಟ್ಟಿದೀನಿ ಅಪ್ಪ. ಇಲ್ಲೇ ಅದೆ."

ಅಪ್ಪ ಚೊಂಬು ನೋಡಿದರು, ನನ್ನನ್ನು ನೋಡಿದರು. ನಾನು ಜನರ ಕಡೆ ನೋಡಿದೆ. ಚಾತು ತಲೆ ತಗ್ಗಿಸಿದ. ಅವನ ಹಿಂದಿನವರೂ ತಗ್ಗಿಸಿದರು. ನಾನು ಬಾವಿಗೆ ಹೋದಾಗಲೆಲ್ಲ ಈ ಜಗಲಿಯಲ್ಲಿ ಏನು ನಡೆಯುತ್ತಿತ್ತೆಂದು ಆಗ ತಿಳಿಯಿತು. ಕಾಲಿನ ಉಬ್ಬಿದ ನಾಳ ಒಡೆದರೆ ಕಟ್ಟಬಾರದು ಎಂಬ, ಸೂತ್ರದ ಎರಡನೆಯ ಭಾಗವನ್ನು ಅಪ್ಪ ಎಂಟು ವರ್ಷ ಹೇಳಿಕೊಟ್ಟಿದ್ದರು. ಇಷ್ಟು ಜನಕ್ಕೂ ಗೊತ್ತಿತ್ತು. ನನ್ನ ಕಟ್ಟನ್ನು ಕಣ್ಣಾರೆ ಕಂಡವರೂ ಇದ್ದರು. ಒಬ್ಬನೇ ಒಬ್ಬ, ಕುಡಿದ ಮತ್ತಿನಲ್ಲೂ, ಜಗಳದಲ್ಲೂ, ನನಗೆ ಒಂದು ಮಾತು ಹೇಳಿರಲಿಲ್ಲ.

"ಪೋಟೆ ಸಾರೇ" ಎಂದ ಚಾತು ತಗ್ಗಿದ ದನಿಯಲ್ಲಿ, ಹೋಗಲಿ ಬಿಡಿ ಎಂದು. "ಇದು ನಮ್ಗೆ ಗೊತ್ತುಂಟಲ್ಲ. ಇವತ್ತು ಬೇಡ."

ನಾನು ಸ್ಟೂಲಿನಿಂದ ಇಳಿದು ಜಗಲಿಯ ಮೇಲೆ ಚಾಪೆ ಹಾಸಿ ಅಂಗಾತ ಮಲಗಿದೆ. ಹೊಸಬರು ಕೆಲವರಿದ್ದರು, ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ:

"ಕಾಲಿನಲ್ಲಿ ಉಬ್ಬಿದ ನರ ಒಡೆದ್ರೆ ಕಟ್ಟಬೇಡಿ. ಕೂರಿಸಬೇಡಿ. ಯಾವ ಹೊತ್ತಾದ್ರೂ ಸರಿ, ಹೀಗೆ ಮಲಗ್ಸಿ. ಕಾಲು ಎತ್ತಿ. ಬೆರಳಿಟ್ಟು ಒತ್ತಿ. ನಾನು ಕಟ್ಟಿದ್ದೆ. ನಮ್ಮವ್ವ ಹೋಗ್ಬುಟ್ಲು."

ಒಳಗಿನ ಬಾಗಿಲ ಹತ್ತಿರ ಸದ್ದಾಯಿತು. ಅಜ್ಜಿ, ಸೆರಗು ಎಳೆದುಕೊಳ್ಳುವುದನ್ನೂ ಮರೆತು, ಅಷ್ಟು ಗಂಡಸರ ನಡುವೆ ನಡೆದು ಬಂದಳು. ಅವ್ವ ಒಳಗಿಟ್ಟಿದ್ದ ಆ ಹಳೆಯ ದಿಂಬು ಅವಳ ಕೈಯಲ್ಲಿತ್ತು. ಬಗ್ಗಿ ನನ್ನ ಹಿಮ್ಮಡಿಯ ಕೆಳಗೆ ಇಟ್ಟು, ಒಳಗೆ ಹೋದಳು.

ಅಪ್ಪ ನನ್ನ ಪಕ್ಕ ಮಂಡಿಯೂರಿದರು. ಎಲ್ಲಿ ಒತ್ತಬೇಕೆಂದು ಜನರಿಗೆ ತೋರಿಸಲು ಕಣಕಾಲಿನ ಒಳಬದಿಗೆ ಹೆಬ್ಬೆರಳಿಟ್ಟರು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ಹೆಬ್ಬೆರಳು ತೆಗೆಯಲಿಲ್ಲ, ನಾನೂ ಬಿಡಿಸಲಿಲ್ಲ.